ಕಾಲಮ್ಮು ಒಂದೇ ಇತ್ತು

ಕೂತುಕೊಳ್ಳಿ. ಇರುವುದು ಇದೊಂದೇ ಕುರ್ಚಿ,
ಇದೂ ನಿಮ್ಮವರೇ ಕೊಟ್ಟದ್ದು.
ಯುದ್ಧ ಮುಗಿದ ವರ್ಷ, ಮಳೆಗಾಲದ ಬಾಯಲ್ಲಿ,
ಮನ್ರೋವಿಯಾ ಬಿಟ್ಟ ಮೊದಲ ಲಾರಿ
ಕೆಸರಲ್ಲಿ ಎರಡು ರಾತ್ರಿ ಮಲಗೆದ್ದು ಜೋರ್‌ಜೋರ್ ಮುಟ್ಟಿದಾಗ
ಊರಿಗೆ ಊರೇ ಬಟ್ಟಲು ಹಿಡಿದು ಓಡಿತ್ತು.
ಇಳಿದದ್ದು ಒಂದು ಮೇಜು, ಈ ಕುರ್ಚಿ,
ಕೋಲಿಲ್ಲದ ಒಂದು ಬಾವುಟ,
ಮತ್ತು ರಬ್ಬರಿನ ಮೊಹರು.

‘ಅಕ್ಕಿ?’ ಎಂದಳು ಕೊರ್ಪು ಮುದುಕಿ.
‘ಅಕ್ಕಿ ಆಮೇಲೆ. ಇದು ಸರ್ಕಾರ,’ ಎಂದ ಡ್ರೈವರ್ ಫಾಯಿಯಾ.
ಅವಳು ಮೇಜು ಮುಟ್ಟಿದಳು, ಬೆರಳ ಗೆಣ್ಣಿಂದ ಕುಟ್ಟಿದಳು,
‘ಬೇಯುತ್ತದಾ?’ ಎಂದಳು.

ನೀವು ನಗಬಹುದು. ಅವತ್ತು ಯಾರೂ ನಗಲಿಲ್ಲ.

ನಾನು ಅಕೊಯ್. ಶಾಲೆ ಇದ್ದಾಗ ಮೇಷ್ಟ್ರಾಗಿದ್ದೆ.
ಅಕ್ಷರ ಬಲ್ಲವರಲ್ಲಿ ಜೀವ ಉಳಿದದ್ದು ನನಗೊಬ್ಬನಿಗೆ,
ಹಾಗಾಗಿ ನಾನೇ ಸರ್ಕಾರವಾದೆ.
ಕಚೇರಿಯ ತಗಡು ಗಡಿ ದಾಟಿ ಗಿನಿಯ ಸಂತೆ ಸೇರಿತ್ತು;
ಬೂರುಗದ ಮರದಡಿ ಮೇಜು ಹಾಕಿದೆ.
ಎಲೆ ಉದುರಿದರೆ ಅದೂ ಅರ್ಜಿಯೇ.

ನಿಮ್ಮವರು ಬಹಳ ಮರ್ಯಾದೆಯಿಂದ ಹೇಳಿದ್ದರು:
‘ನಾವು ಕೊಡುವುದಿಲ್ಲ, ನಿಮ್ಮ ಸರ್ಕಾರವೇ ಕೊಡಲಿ,
ಅದರ ಕೈ ಬಲವಾಗಲಿ.’
ಕೈ ಎಲ್ಲಿತ್ತು ಸ್ವಾಮಿ? ಮೊಹರಿತ್ತು.
ಶಾಯಿ ಮೂರನೇ ವಾರಕ್ಕೇ ಒಣಗಿತು.
ಕೊರ್ಪುವಿನ ಮಡಕೆಯ ತಳದ ಮಸಿ ಕೆರೆದು
ತಾಳೆ ಎಣ್ಣೆಯಲ್ಲಿ ಕಲಸಿ ಒತ್ತಿದೆ.
ನೋಡಿ, ಈ ಕಾಗದ ಇನ್ನೂ ಅಡುಗೆಮನೆಯ ವಾಸನೆ ಹೊಡೆಯುತ್ತದೆ.

ಬಂದರಿನಲ್ಲಿ ಏರಿದ್ದು ನಾನೂರು ಮೂಟೆ.
ಅದೂ ಅಕ್ಕಿಯಲ್ಲ, ಗೋಧಿ ನುಚ್ಚು. ಇಲ್ಲಿ
ಅನ್ನ ಉಂಡರಷ್ಟೇ ಉಂಡಂತೆ, ಉಳಿದದ್ದೆಲ್ಲ ಬಾಯಾಡಿಸಿದಂತೆ.
ಇರಲಿ. ಉಗ್ರಾಣದ ಬಾಡಿಗೆಯೆಂದು ಇಲಾಖೆ ಹಿಡಿದದ್ದು ಇಪ್ಪತ್ತು.
ಕಕಾಟಾದ ಗೇಟಿನಲ್ಲಿ ಹುಡುಗರು,
ಬಂದೂಕು ಒಪ್ಪಿಸಿದ್ದರು, ಅದರ ದುಡ್ಡು ಬಂದಿರಲಿಲ್ಲ,
ಬರೀ ಹಗ್ಗ ಅಡ್ಡ ಹಿಡಿದು ಹನ್ನೆರಡು.
ಬಾಂಗಾದಲ್ಲಿ ಸಮವಸ್ತ್ರವಿಲ್ಲದ, ಸೀಟಿಯಿದ್ದ ಪೊಲೀಸರಿಗೆ ಒಂಬತ್ತು.
ಸೇತುವೆಗೆ ಹಲಗೆ ಹಾಸಿದವರಿಗೆ ಏಳು.
ಲಾರಿ ದಾಟಿದ ಮೇಲೆ ಹಲಗೆ ಎತ್ತಿಟ್ಟುಕೊಂಡರು, ಮುಂದಿನ ಲಾರಿಗೆ ಬೇಕಲ್ಲ.
ಮಳೆ ತಿಂದದ್ದು ಮೂವತ್ತೊಂದು. ಮಳೆಯನ್ನು ಯಾರೂ ತಪಾಸಣೆ ಮಾಡಲಿಲ್ಲ.

ಎರಡು ನಾನು ತೆಗೆದುಕೊಂಡೆ.
ಬರೆದುಕೊಳ್ಳಿ. ಪೆನ್ನು ಯಾಕೆ ನಿಂತಿತು?
ಹದಿನಾಲ್ಕು ತಿಂಗಳ ಸಂಬಳ ಬಾಕಿ,
ಹದಿನೈದನೇ ತಿಂಗಳು ಬಂತು, ಒಂದು ತಿಂಗಳದ್ದು.

ನಮೂನೆಯಲ್ಲಿ ಕಾಲಮ್ಮು ಒಂದೇ ಇತ್ತು: ‘ತಲುಪಿದ್ದು’.
ತಲುಪದ್ದನ್ನು ಎಲ್ಲಿ ಬರೆಯಲಿ?
ಸಲಾಯೆಯ ಗುಮಾಸ್ತ ಮುಲ್ಬಾ ಇದ್ದದ್ದು ಇದ್ದಂತೆ ಬರೆದ,
ಅಂಚಿನಲ್ಲಿ, ಕೆಂಪಿನಲ್ಲಿ.
ತನಿಖೆ ಮುಗಿಯುವವರೆಗೆ ಲಾರಿ ಬೇಡವೆಂದು ಆಜ್ಞೆಯಾಯಿತು.
ತನಿಖೆಗೆ ಬರುವವರಿಗೆ ರಸ್ತೆಯಿರಲಿಲ್ಲ.
ನಾಲ್ಕು ತಿಂಗಳು. ಆ ಊರಿನ ಮಕ್ಕಳು
ಕಾಡುಗೆಣಸು ಅಗೆದು ನೆನೆಹಾಕದೆ ತಿಂದವು.
ಮುಲ್ಬಾ ಒಳ್ಳೆಯವನು. ಈಗ ಯಾರ ಜೊತೆಯೂ ಮಾತಾಡುವುದಿಲ್ಲ.

ನಾನು ನಾನೂರು ಎಂದು ಬರೆದೆ.
ಮುಂದಿನ ಲಾರಿ ಬಂತು.
ಮತ್ತೆ ನಾನೂರು ಎಂದು ಬರೆದೆ.

ಇಕೋ, ನಿಜದ ಲೆಕ್ಕ ಈ ಮಗ್ಗಿ ಪುಸ್ತಕದ ಹಿಂಬದಿಯಲ್ಲಿದೆ,
ಪೆನ್ಸಿಲಿನಲ್ಲಿ. ಯಾರ್ಯಾರು ಕಸಿದರು, ಅವರ ಮನೆಯಲ್ಲಿ ಎಷ್ಟು ಬಾಯಿ,
ಗೊತ್ತಾದಷ್ಟು. ಕಕಾಟಾದ ಒಬ್ಬ ಹುಡುಗನ ಮುಂದೆ
‘ತಾಯಿ ಇದ್ದಾಳೆ’ ಎಂದಷ್ಟೇ ಇದೆ, ಹೆಸರಿಲ್ಲ.
ಒಯ್ಯಿರಿ. ಒಯ್ಯುವ ಮುಂಚೆ
ಬರುವ ತಿಂಗಳ ಲಾರಿಯನ್ನೊಮ್ಮೆ ನೆನೆಯಿರಿ.

ಏನು? ನಿಮ್ಮ ವರದಿಗೂ ಈ ಕಚೇರಿಯ ಮೊಹರು ಬೇಕೇ?
ಹಾಕೋಣ, ಮೊಹರಿದೆ. ಶಾಯಿಯಿಲ್ಲ.
ಸ್ವಲ್ಪ ಕೂತಿರಿ, ಕೊರ್ಪುವಿನ ಮನೆಗೆ ಹೋಗಿ ಬರುತ್ತೇನೆ.
ಇವತ್ತು ಅವಳ ಒಲೆ ಹತ್ತಿದ್ದರೆ
ಮಸಿ ಸಿಕ್ಕೀತು.